ಬರಿಗೈ ಮಾಂಕ್: ಕಟ್ಟೋದು ಹೇಗೆ, ಆಡೋದು ಹೇಗೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡೋಕೆ ಹೊಸದಾಗಿ ಕೂತವರು ಮಾಂಕ್, ಅಂದರೆ ಹೊಡೆದಾಡೋ ಸನ್ಯಾಸಿಯ ಪಾತ್ರ ನೋಡಿದ ಕೂಡಲೇ ಮರುಳಾಗುತ್ತಾರೆ. ಮೈಮೇಲೆ ಕವಚ ಇಲ್ಲ, ಕೈಯಲ್ಲಿ ಒಂದು ಕೋಲು, ಬಂದ ಬಾಣ ಹಿಡಿದು ವಾಪಸ್ ಎಸೆಯುತ್ತಾನೆ, ಸ್ವಲ್ಪ ದೊಡ್ಡವನಾದ ಮೇಲೆ ಗೋಡೆ ಮೇಲೂ ಓಡುತ್ತಾನೆ. ಯಾರಿಗೆ ಬೇಡ ಹೇಳಿ? ಆದರೆ ಎಷ್ಟೋ ಜನರ ಮಾಂಕ್ ಮೊದಲ ಜಗಳದಲ್ಲೇ ನೆಲ ಕಚ್ಚುತ್ತಾನೆ. ಎದುರಾಳಿಯ ಮುಂದೆ ಅವನನ್ನು ನಿಲ್ಲಿಸಿ, ಸಾಯೋವರೆಗೂ ಗುದ್ದಾಡಿಸಿದರೆ ಇನ್ನೇನಾಗುತ್ತೆ? ಅವನನ್ನು ಕಬಡ್ಡಿ ರೈಡರ್ ಅಂದುಕೊಳ್ಳಿ. ಒಳಗೆ ಹೋಗಬೇಕು, ಮುಟ್ಟಬೇಕು, ಹಿಡಿಯೋ ಮೊದಲು ಗೆರೆ ದಾಟಿ ವಾಪಸ್ ಬರಬೇಕು. ಪಾತ್ರದ ಹಾಳೆ ತುಂಬುವಾಗಲೂ, ಮುಂದೆ ಆಡುವಾಗಲೂ ಇದೊಂದು ತಲೆಯಲ್ಲಿರಲಿ.

ಆಟವೇ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಮಾಂಕ್ ಅದರೊಳಗೆ ಬಂದದ್ದು ಮರುವರ್ಷ, 1975ರಲ್ಲಿ. ಒಬ್ಬರು ಕತೆ ನಡೆಸುತ್ತಾರೆ, ಅವರು ಡಂಜನ್ ಮಾಸ್ಟರ್, ಚುಟುಕಾಗಿ ಡಿಎಂ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಮಾಡಿದ ಕೆಲಸ ಆಯ್ತೋ ಇಲ್ವೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಷ್ಟೇ.

ಖರ್ಚಿನ ಚಿಂತೆ ಬೇಡ. ಮೂಲ ನಿಯಮಗಳ ಪಠ್ಯವನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟಿದ್ದಾರೆ, ಉಚಿತವಾಗಿ ಸಿಗುತ್ತದೆ, ಅದರಲ್ಲಿ ಮಾಂಕ್ ಇದ್ದಾನೆ. ದಾಳಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ತರಿಸೋ ತನಕ ಮೊಬೈಲಿನ ದಾಳದ ಆ್ಯಪ್ ನಡೆಯುತ್ತದೆ. ನಕ್ಷೆಗೆ ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ ಸಾಕು. ಒಂದು ಚೌಕ ಅಂದರೆ 5 ಅಡಿ. ಅದರ ಮೇಲೆ ಎದುರಾಳಿಗಳ ಗುರುತಿಗೆ ಹುಣಸೆಬೀಜ, ನಿಮ್ಮ ಗುರುತಿಗೆ ಅಂಗಿಯ ಗುಂಡಿ. ಮಧ್ಯೆ ಗಿರ್ಮಿಟ್, ಮಿರ್ಚಿ ಬರೋದು ಹುಬ್ಬಳ್ಳಿ ಮನೆಗಳಲ್ಲಿ ಖಂಡಿತ. ಹಾಗಾಗಿ ಪಾತ್ರದ ಹಾಳೆಯ ಎರಡು ಝೆರಾಕ್ಸ್ ಜಾಸ್ತಿ ಇಟ್ಟುಕೊಳ್ಳಿ, ಎಣ್ಣೆ ಕೈ ಯಾರ ಮಾತೂ ಕೇಳಲ್ಲ.

ಅಂಕ ಹಂಚುವುದು

ಇಲ್ಲಿ ಹೇಳೋ ಲೆಕ್ಕವೆಲ್ಲ 2014ರ ನಿಯಮದ್ದು. ಆರು ಗುಣಗಳಿವೆ, ಮಾಂಕ್‌ಗೆ ಮೂರೇ ಮುಖ್ಯ. ಮೊದಲನೆಯದು ಚುರುಕುತನ, ಆಟದ ಭಾಷೆಯಲ್ಲಿ ಡೆಕ್ಸ್. ಎರಡನೆಯದು ವಿವೇಕ, ಅಂದರೆ ವಿಸ್ಡಮ್. ಮೂರನೆಯದು ತಾಳಿಕೆ, ಅದು ಕಾನ್. ಹೊಸಬರು ಹೊಡೆದಾಟದ ಪಾತ್ರ ಅಂತ ಬಲಕ್ಕೆ ಅಂಕ ಸುರಿಯುತ್ತಾರೆ. ದಂಡ. ಮಾಂಕ್‌ನ ಗುದ್ದಿಗೂ ಕೋಲಿನ ಹೊಡೆತಕ್ಕೂ ಬಲದ ಬದಲು ಡೆಕ್ಸ್ ಸೇರಿಸಬಹುದು.

ಅಂಕ ಕೊಂಡುಕೊಳ್ಳುವ ಪದ್ಧತಿಯಲ್ಲಿ ಕೈಗೆ 27 ಪಾಯಿಂಟ್ ಬರುತ್ತವೆ. 15ರ ಗುಣಕ್ಕೆ 9 ಪಾಯಿಂಟ್, 13ಕ್ಕೆ 5, 12ಕ್ಕೆ 4, 8 ಅಂತೂ ಪುಕ್ಕಟೆ. ಡೆಕ್ಸ್ 15, ವಿಸ್ಡಮ್ 15, ಕಾನ್ 13, ಬಲ 12, ಬುದ್ಧಿ ಮತ್ತು ವರ್ಚಸ್ಸು 8 ಇಡಿ. ಸರಿಯಾಗಿ 27 ಆಯಿತು. ಜಾತಿ ಕೇಳಿದಾಗ, ಆಟದ ಜಾತಿ ಮಾರಾಯ್ರೆ, ಸುಮ್ನೆ ಮನುಷ್ಯ ಅಂತ ಬರೆಯಿರಿ. ಮನುಷ್ಯನಿಗೆ ಆರೂ ಗುಣಕ್ಕೆ ಒಂದೊಂದು ಅಂಕ ಜಾಸ್ತಿ ಸಿಗುತ್ತದೆ. ಬೆಸ ಸಂಖ್ಯೆಗಳನ್ನು ಆರಿಸಿದ್ದೇ ಇದಕ್ಕೆ. 15, 15, 13 ಇದ್ದದ್ದು 16, 16, 14 ಆಗುತ್ತದೆ.

ಸ್ಕೋರ್‌ನಿಂದ 10 ಕಳೆದು ಅರ್ಧ ಮಾಡಿದರೆ ದಾಳಕ್ಕೆ ಕೂಡಿಸುವ ಅಂಕ ಬರುತ್ತದೆ. 16ಕ್ಕೆ 3, 14ಕ್ಕೆ 2. ಕವಚ ತೊಡದ ಮಾಂಕ್‌ನ ರಕ್ಷಣೆ, ಅಂದರೆ ಎಸಿ, ಲೆಕ್ಕ ಹಾಕೋದು ಹೀಗೆ: 10, ಅದಕ್ಕೆ ಡೆಕ್ಸ್‌ನ 3, ವಿಸ್ಡಮ್‌ನ 3. ಒಟ್ಟು 16. ಮೊದಲ ಲೆವೆಲ್‌ಗೆ ಇದು ಒಳ್ಳೆಯ ಎಸಿ. ಜೀವದ ಅಂಕ ಮಾತ್ರ 8ಕ್ಕೆ 2 ಕೂಡಿಸಿ 10 ಅಷ್ಟೇ. ಎರಡು ಜೋರು ಏಟು ಬಿದ್ದರೆ ಮಲಗಿದ. ನಿಲ್ಲಬೇಡಿ ಅಂದದ್ದು ಇದಕ್ಕೇ.

ಕೌಶಲಗಳಲ್ಲಿ ಅಕ್ರೊಬ್ಯಾಟಿಕ್ಸ್ (ಕಸರತ್ತು) ಮತ್ತು ಸ್ಟೆಲ್ತ್ (ಸದ್ದಿಲ್ಲದೆ ನುಸುಳೋದು) ತೆಗೆದುಕೊಳ್ಳಿ. ಆಯುಧಕ್ಕೆ ಉದ್ದ ಕೋಲು. ಎರಡೂ ಕೈಯಲ್ಲಿ ಹಿಡಿದರೆ ಗಾಯದ ಲೆಕ್ಕಕ್ಕೆ ಎಂಟು ಮುಖದ ದಾಳ ಹಾಕಬಹುದು, ಹೊಡೆದ ಮೇಲೆ ಅದೇ ಸರದಿಯ ಹೆಚ್ಚುವರಿ ಕೆಲಸ, ಅಂದರೆ ಬೋನಸ್ ಆ್ಯಕ್ಷನ್‌ನಲ್ಲಿ ಒಂದು ಗುದ್ದು ಪುಕ್ಕಟೆ, ಅದಕ್ಕೆ ನಾಲ್ಕು ಮುಖದ ದಾಳ. ಶುರುವಿನಲ್ಲೇ ಹತ್ತು ಡಾರ್ಟ್, ಅಂದರೆ ಎಸೆಯೋ ಸಣ್ಣ ಈಟಿ, ಸಿಗುತ್ತವೆ. ಜನ ಅವನ್ನು ಹಾಳೆಯಲ್ಲಿ ಬರೆದು ಮರೆತೇಬಿಡುತ್ತಾರೆ. ಮೊದಲ ಲೆವೆಲ್‌ನಲ್ಲಿ ನುಗ್ಗಿ ವಾಪಸ್ ಬರುವ ವಿದ್ಯೆ ಇನ್ನೂ ಬಂದಿರಲ್ಲ, ಆಗ ದೂರದಿಂದ ಡಾರ್ಟ್ ಎಸೆಯೋದೇ ಜಾಣತನ.

ಯಾರಿವನು?

ಹಿಮ, ಬೆಟ್ಟದ ತುದಿ, ಬೋಳುತಲೆಯ ಮೌನಿ ಗುರು, ಇದೆಲ್ಲ ಸಾಕಾಗಿದೆ ಅಲ್ವಾ? ನಮ್ಮ ಕಡೆಯ ಪಾತ್ರ ಕಟ್ಟಿ. ಕಪ್ಪತಗುಡ್ಡದ ಮೇಲೊಂದು ಸಣ್ಣ ಮಠ, ಅಲ್ಲಿ ಔಷಧಿ ಬೇರು ಗುರುತಿಸುತ್ತಾ, ಮಲ್ಲಗಂಬ ಹತ್ತುತ್ತಾ ಬೆಳೆದ ಹುಡುಗಿ. ಕತೆಗೆ ಲಕ್ಕುಂಡಿ ಇದೆ. ಆಗಿನ ಲೊಕ್ಕಿಗುಂಡಿಯಲ್ಲಿ ನಾಣ್ಯ ಅಚ್ಚು ಹಾಕುವ ಟಂಕಶಾಲೆ ಇತ್ತು, ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇತ್ತು, ಮೆಟ್ಟಿಲು ಬಾವಿಗಳು ಇವತ್ತಿಗೂ ಇವೆ. ಟಂಕಶಾಲೆಯ ಬಂಗಾರ ಕಳುವಾಗಿದೆ, ಕಳ್ಳರು ಬಾವಿಯೊಳಗೆ ಅಡಗಿದ್ದಾರೆ ಅಂತ ಡಿಎಂ ಹೇಳಿದರೆ ಎರಡು ಸಂಜೆಯ ಆಟ ಸಿದ್ಧ. ಮತ್ತೆ ದಯವಿಟ್ಟು ಮೂಕ ಮಾಂಕ್ ಮಾಡಬೇಡಿ. ಮಾತಾಡದ ಪಾತ್ರ ಹಾಳೆ ಮೇಲೆ ಚೆಂದ, ಮೇಜಿನ ಸುತ್ತ ಕೂತವರಿಗೆ ಬೇಜಾರು. ಧಾರವಾಡದ ಮಾತಿನಲ್ಲೇ ಬೈದು ಹೊಡೆಯಲಿ.

ಜಗಳದಲ್ಲಿ

ಎರಡನೇ ಲೆವೆಲ್‌ನಲ್ಲಿ ಎರಡು ದೊಡ್ಡ ಬದಲಾವಣೆ ಆಗುತ್ತವೆ. ಓಟ 30 ಅಡಿಯಿಂದ 40 ಅಡಿಗೆ ಏರುತ್ತದೆ, ಅಂದರೆ ಎಂಟು ಚೌಕ. ಮತ್ತೆ ವಿಶೇಷ ವಿದ್ಯೆಗಳಿಗೆ ಖರ್ಚು ಮಾಡೋ ಕಿ ಅನ್ನೋ ಪಾಯಿಂಟ್ ಸಿಗುತ್ತವೆ, ಲೆವೆಲ್ ಎಷ್ಟೋ ಅಷ್ಟು. ಮೂರನೇ ಲೆವೆಲ್‌ನಲ್ಲಿ ನಿಮ್ಮ ಮಾಂಕ್ ಯಾವ ಪಂಥದವನು ಅನ್ನೋ ದಾರಿ ಆರಿಸಬೇಕು. ಉಚಿತ ಪಠ್ಯದಲ್ಲಿರೋದು ಓಪನ್ ಹ್ಯಾಂಡ್ ಒಂದೇ, ನನ್ನ ಮಟ್ಟಿಗೆ ಹೊಸಬರಿಗೆ ಅದಕ್ಕಿಂತ ಒಳ್ಳೆಯದೂ ಇಲ್ಲ.

ಯಾಕೆ ಅಂತ ಬಾವಿಯ ಜಗಳದಲ್ಲೇ ನೋಡೋಣ. ಮೆಟ್ಟಿಲ ಅಂಚಿನಲ್ಲಿ ಬಿಲ್ಲು ಹಿಡಿದ ಕಳ್ಳ. ಈಚೆ ಕೊಡಲಿ ಹಿಡಿದ ಅವರ ನಾಯಕ, ಅವನಿಗೆ ನಿಮ್ಮ ಗೆಳೆಯನ ಫೈಟರ್, ಅಂದರೆ ಯೋಧನ ಪಾತ್ರ, ಅಡ್ಡ ನಿಂತಿದ್ದಾನೆ.

"ಏನ್ ಮಾಡ್ತೀ ಈಗ?" ಡಿಎಂ ಕೇಳುತ್ತಾರೆ.

"ಕೊಡ್ಲಿ ಅಂವನ್ನ ಬಿಡು. ಗ್ವಾಡಿ ಬಾಜೂಕ ಓಡಿ ಹೋಗಿ ಬಿಲ್ಲಿನಂವಗ ಹಾಕ್ತೇನಿ."

ನಾಲ್ಕು ಚೌಕ ಓಡಿ, ಕೋಲು ಬೀಸಿ. ಇಪ್ಪತ್ತು ಮುಖದ ದಾಳಕ್ಕೆ 5 (ಡೆಕ್ಸ್‌ನ 3, ಪಳಗಿದ ಕೈಗೆ 2) ಕೂಡಿಸಿ, ಅವನ ಎಸಿ ಮುಟ್ಟಿದರೆ ಏಟು ಬಿತ್ತು. ಈಗ ಒಂದು ಕಿ ಖರ್ಚು ಮಾಡಿ ಫ್ಲರಿ ಅನ್ನಿ, ಒಂದರ ಬದಲು ಎರಡು ಗುದ್ದು. ಓಪನ್ ಹ್ಯಾಂಡ್‌ನ ಮಜಾ ಇಲ್ಲಿದೆ. ಫ್ಲರಿಯ ಪ್ರತಿ ಗುದ್ದು ತಾಗಿದಾಗಲೂ ಮೂರರಲ್ಲಿ ಒಂದನ್ನು ಮಾಡಬಹುದು: ಕೆಡವೋದು, 15 ಅಡಿ ತಳ್ಳೋದು, ಇಲ್ಲವೇ ನಿಮ್ಮ ಮುಂದಿನ ಸರದಿ ಮುಗಿಯೋವರೆಗೆ ಅವನ ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲಿ ತಿರುಗಿ ಏನಾದರೂ ಮಾಡೋ ಅವಕಾಶ, ಕಿತ್ತುಕೊಳ್ಳೋದು. ಮೊದಲ ಎರಡಕ್ಕೆ ಅವನು ದಾಳ ಹಾಕಿ ತಪ್ಪಿಸಿಕೊಳ್ಳಬಹುದು, 13 ಬಂದರೆ ಸಾಕು. ಮೂರನೆಯದಕ್ಕೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ. ಸಾಮಾನ್ಯವಾಗಿ ಎದುರಾಳಿಯ ಪಕ್ಕದಿಂದ ಎದ್ದು ಹೊರಟರೆ ಅವನು ಹಿಂದಿನಿಂದ ಒಂದು ಏಟು ಹಾಕುತ್ತಾನೆ, ಅದಕ್ಕೆ ರಿಯಾಕ್ಷನ್ ಬೇಕು, ಅದು ಈಗ ಅವನ ಹತ್ತಿರ ಇಲ್ಲ. ಉಳಿದ ನಾಲ್ಕು ಚೌಕ ಆರಾಮಾಗಿ ನಡೆದು ಬನ್ನಿ. ಓಟವನ್ನು ಹೀಗೆ ಹೊಡೆತಕ್ಕೆ ಮೊದಲು ಸ್ವಲ್ಪ, ಆಮೇಲೆ ಸ್ವಲ್ಪ ಅಂತ ಒಡೆಯಬಹುದು ಅನ್ನೋದು ಬಹಳ ಜನರಿಗೆ ಗೊತ್ತೇ ಇರಲ್ಲ.

ಎಲ್ಲಿಗೆ ವಾಪಸ್ ಬರಬೇಕು? ಫೈಟರ್‌ನ ಬೆನ್ನ ಹಿಂದೆ. ನಿಮ್ಮನ್ನು ಅಟ್ಟಿಸಿಕೊಂಡು ಬರೋಕೆ ನಾಯಕ ಫೈಟರ್‌ನನ್ನು ಬಿಟ್ಟು ಹೊರಟರೆ ಪುಕ್ಕಟೆ ಏಟು ತಿನ್ನುತ್ತಾನೆ.

ಕೆಡವೋದರಲ್ಲಿ ಒಂದು ಸೂಕ್ಷ್ಮ ಇದೆ. ಬಿದ್ದವನನ್ನು ಹತ್ತಿರದಿಂದ ಹೊಡೆಯೋದು ಸುಲಭ, ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ದೂರದಿಂದ ಬಾಣ ಬಿಡೋರಿಗೆ ತದ್ವಿರುದ್ಧ. ನಿಮ್ಮ ಗುಂಪಿನಲ್ಲಿ ಬಿಲ್ಲುಗಾರ್ತಿ ಇದ್ದರೆ ಕೆಡವೋ ಮುಂಚೆ ಕೇಳಿ, ಇಲ್ಲಾಂದರೆ "ಲೇ, ನನ್ನ ಟರ್ನ್ ಹಾಳ ಮಾಡಿದೆಲ್ಲೋ" ಅಂತ ಬೈಸಿಕೊಳ್ತೀರಿ. ತಳ್ಳೋದಂತೂ ಬಾವಿಯಂಥ ಜಾಗಕ್ಕೇ ಹೇಳಿ ಮಾಡಿಸಿದ್ದು.

ಕಿ ಜೋಪಾನ

ಮೂರನೇ ಲೆವೆಲ್‌ಗೆ ಮೂರೇ ಕಿ. ಎಲ್ಲವನ್ನೂ ಗುದ್ದಿಗೆ ಸುರಿದರೆ ಮೂರು ಸುತ್ತಿಗೆ ಖಾಲಿ. ಒಂದು ಕಿ ಕೊಟ್ಟು ಬೋನಸ್ ಆ್ಯಕ್ಷನ್‌ನಲ್ಲಿ ತಪ್ಪಿಸಿಕೊಳ್ಳೋ ಭಂಗಿ ಹಿಡಿಯಬಹುದು, ಅಥವಾ ಸುತ್ತುವರಿದವರ ಮಧ್ಯದಿಂದ ಏಟು ತಿನ್ನದೆ ಜಾರಬಹುದು. ಒಂದನ್ನು ಇದಕ್ಕಂತ ಎತ್ತಿಡಿ.

ಖಾಲಿಯಾದ ಕಿ ಒಂದು ತಾಸಿನ ಸಣ್ಣ ವಿಶ್ರಾಂತಿಯಲ್ಲಿ ಪೂರ್ತಿ ವಾಪಸ್ ಬರುತ್ತದೆ, ಅದರಲ್ಲಿ ಅರ್ಧ ತಾಸು ಧ್ಯಾನಕ್ಕೆ ಕೂರಬೇಕು. ತೊಂದರೆ ಏನಂದರೆ ಮಾಂತ್ರಿಕರ ಮಂತ್ರಗಳು ಹೆಚ್ಚಾಗಿ ರಾತ್ರಿಯ ನಿದ್ದೆಯಿಂದ ತುಂಬುತ್ತವೆ, ಹಾಗಾಗಿ ಅವರಿಗೆ ಈ ಒಂದು ತಾಸಿನ ನೆನಪೇ ಇರಲ್ಲ. ನೀವೇ ಬಾಯಿಬಿಟ್ಟು "ಒಂದ್ ತಾಸ್ ಕೂಡೂಣ್ರೀಪಾ" ಅನ್ನಬೇಕು. ಫೈಟರ್‌ಗೂ ಸಣ್ಣ ವಿಶ್ರಾಂತಿಯಿಂದ ಲಾಭ ಇದೆ, ಅವನನ್ನು ನಿಮ್ಮ ಕಡೆ ಎಳೆದುಕೊಳ್ಳಿ.

ಬಾಣ ಹಿಡಿಯೋದಕ್ಕೆ ಕಿ ಬೇಡ, ರಿಯಾಕ್ಷನ್ ಸಾಕು. ಹತ್ತು ಮುಖದ ದಾಳ, ಡೆಕ್ಸ್, ಲೆವೆಲ್ ಮೂರನ್ನೂ ಕೂಡಿಸಿ ಗಾಯದಿಂದ ಕಳೆಯಿರಿ. ಸೊನ್ನೆಗೆ ಇಳಿದರೆ ಬಾಣ ನಿಮ್ಮ ಕೈಯಲ್ಲಿ. ಅದನ್ನು ತಿರುಗಿ ಎಸೆಯೋಕೆ ಮಾತ್ರ ಒಂದು ಕಿ. ನೋಡೋಕೆ ಜೋರು, ಆದರೆ ಆ ಕಿಯಿಂದ ಫ್ಲರಿ ಮಾಡಿದರೆ ಲಾಭ ಜಾಸ್ತಿ.

ಮೇಲಿನ ಲೆವೆಲ್‌ಗಳು

ನಾಲ್ಕರಲ್ಲಿ ಎರಡು ಅಂಕ ಬರುತ್ತವೆ, ಎರಡನ್ನೂ ಡೆಕ್ಸ್‌ಗೆ ಹಾಕಿ 18 ಮಾಡಿ. ಎಸಿ 17 ಆಗುತ್ತದೆ. ಎತ್ತರದಿಂದ ಬಿದ್ದಾಗ ಆಗೋ ಗಾಯದಲ್ಲಿ ಲೆವೆಲ್‌ನ ಐದರಷ್ಟನ್ನು ಕಳೆಯಬಹುದು, ಅಂದರೆ 20. ಬೀಳುವ ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳ. 60 ಅಡಿಯ ಗೋಪುರದಿಂದ ಹಾರಿದರೆ ಸರಾಸರಿ 21 ಗಾಯ, ಇವನಿಗೆ ಒಂದೇ. ಕಳ್ಳ ಕೆಳಗೆ ಓಡುತ್ತಿದ್ದರೆ ಮೆಟ್ಟಿಲು ಹುಡುಕಬೇಡಿ.

ಐದನೇ ಲೆವೆಲ್‌ಗೆ ಸ್ಟನ್ನಿಂಗ್ ಸ್ಟ್ರೈಕ್ ಬರುತ್ತದೆ. ಏಟು ತಾಗಿದ ಮೇಲೆ ಒಂದು ಕಿ ಕೊಟ್ಟರೆ ಎದುರಾಳಿ ಕಾನ್ ದಾಳ ಹಾಕಬೇಕು, 14 ಮುಟ್ಟದಿದ್ದರೆ ನಿಂತಲ್ಲೇ ಕಲ್ಲು. ಇದನ್ನು ದೈತ್ಯರ ಮೇಲೆ ಹಾಳು ಮಾಡಬೇಡಿ, ಅವರ ಕಾನ್ ಗಟ್ಟಿ. ಹಿಂದೆ ನಿಂತು ಮಂತ್ರ ಹೇಳೋ ಬಡಕಲು ಮಂತ್ರವಾದಿಯನ್ನು ಹುಡುಕಿ ಹೋಗಿ. ಅವನ ತನಕ ಒಂದೇ ಸರದಿಯಲ್ಲಿ ಮುಟ್ಟೋ ಕಾಲು ನಿಮಗಿವೆ.

2024ರಲ್ಲಿ ಬಂದ ಹೊಸ ನಿಯಮದಲ್ಲಿ ಮಾಂಕ್ ಇನ್ನೂ ಗಟ್ಟಿಯಾಗಿದ್ದಾನೆ. ಕಿ ಹೋಗಿ ಫೋಕಸ್ ಆಗಿದೆ, ಗುದ್ದಿನ ದಾಳ ಶುರುವಿಗೇ ಆರು ಮುಖದ್ದು, ಏಟು ತಿನ್ನದೆ ಜಾರೋದಕ್ಕೆ ಪಾಯಿಂಟ್ ಕೊಡಬೇಕಿಲ್ಲ. ಬಾಣದ ಜತೆಗೆ ಕತ್ತಿಯ ಏಟನ್ನೂ ತಡೆಯಬಹುದು. ಸ್ಟನ್ನಿಂಗ್ ಸ್ಟ್ರೈಕ್‌ಗೆ ಮಾತ್ರ ಕಡಿವಾಣ ಹಾಕಿದ್ದಾರೆ, ಸರದಿಗೆ ಒಂದೇ ಸಲ. ಹೆಚ್ಚುವರಿ ಅಂಕಗಳು ಜಾತಿಯ ಬದಲು ಪಾತ್ರದ ಹಿನ್ನೆಲೆಯಿಂದ ಬರೋದರಿಂದ ಮೇಲೆ ಹೇಳಿದ ಮನುಷ್ಯನ ಲೆಕ್ಕ ಅಲ್ಲಿ ನಡೆಯಲ್ಲ. ಅರ್ಧ ಇದು, ಅರ್ಧ ಅದು ಅಂತ ಬೆರೆಸಿದರೆ ಪ್ರತಿ ಸುತ್ತಿಗೂ ವಾದ. ಅಂಕ ಹಂಚೋಕೆ ಕೂರೋ ಮುಂಚೆ ಡಿಎಂ ಹತ್ತಿರ ಯಾವ ನಿಯಮ ಅಂತ ಕೇಳಿ, ಆ ಇಸವಿಯನ್ನು ಹಾಳೆಯ ತಲೆಗೆ ಬರೆದುಕೊಳ್ಳಿ.