ಫ್ಲಾರ್ಮ್ ಕೂರಿಸಿದ ಮೇಲೆ ಮಾಡಲೇಬೇಕಾದ ಕೆಲಸ

ಡಿಕ್ಕಿಯಾಗುವ ದಾರಿಯಲ್ಲಿ ಬರುತ್ತಿರುವ ವಿಮಾನ ಕಾಕ್‌ಪಿಟ್ ಗಾಜಿನಲ್ಲಿ ಅತ್ತಿತ್ತ ಸರಿಯುವುದಿಲ್ಲ. ಇದ್ದಲ್ಲೇ ನಿಂತ ಚುಕ್ಕೆಯಂತೆ ಕಾಣುತ್ತದೆ, ಕೊನೆಗೆ ಒಮ್ಮೆಲೇ ದೊಡ್ಡದಾಗುತ್ತದೆ. ಕಣ್ಣು ಸೋಲುವುದು ಇಲ್ಲೇ. ಗ್ಲೈಡರ್ (ಎಂಜಿನ್ ಬಲವಿಲ್ಲದೆ ತೇಲುವ ವಿಮಾನ) ಮತ್ತು ಪುಟ್ಟ ವಿಮಾನಗಳಿಗಾಗಿ 2004ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಬಂದ ಫ್ಲಾರ್ಮ್ ಎಂಬ ಡಿಕ್ಕಿ ಎಚ್ಚರಿಕೆ ಸಾಧನ, ಜಿಪಿಎಸ್‌ನಿಂದ ತನ್ನ ಜಾಗ ತಿಳಿದುಕೊಂಡು, ಮುಂದಿನ ಸುಮಾರು 20 ಸೆಕೆಂಡಿನ ದಾರಿಯನ್ನು ಲೆಕ್ಕ ಹಾಕಿ ರೇಡಿಯೊದಲ್ಲಿ ಸುತ್ತಲಿನವರಿಗೆ ತಿಳಿಸುತ್ತದೆ. ಇಬ್ಬರ ದಾರಿ ಕೂಡುವಂತಿದ್ದರೆ ಬೀಪ್ ಮಾಡುತ್ತದೆ.

ಪೆಟ್ಟಿಗೆ ಕೂರಿಸಿ ವೈರ್ ಜೋಡಿಸಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ, ಅದಕ್ಕೆ ನಿಮ್ಮ ವಿಮಾನದ ಪರಿಚಯ ಮಾಡಿಸಬೇಕು. ಸೆಟ್ಟಿಂಗ್‌ಗಳೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿರುತ್ತವೆ. ಅದನ್ನು ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ನಲ್ಲಿ ಹಾಕಿ ಸಾಧನಕ್ಕೆ ಕೊಡಬೇಕು.

ಮೊದಲು ಐಸಿಎಒ ವಿಳಾಸ, ಅಂದರೆ ನಿಮ್ಮ ವಿಮಾನದ ಗುರುತಿನ ಸಂಕೇತ ಬರೆಯಿರಿ. ಆರೇ ಅಕ್ಷರ: 0ಯಿಂದ 9ರವರೆಗಿನ ಅಂಕಿ, ಎ ಇಂದ ಎಫ್‌ವರೆಗಿನ ಅಕ್ಷರ. ರೇಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ನಲ್ಲಿ ಇರುವುದೂ ಇದೂ ಒಂದೇ ಆಗಿರಬೇಕು. ಒಂದಕ್ಷರ ತಪ್ಪಿದರೂ, ಟ್ರಾನ್ಸ್‌ಪಾಂಡರ್ ಸಂಕೇತ ಹಿಡಿಯುವ ಫ್ಲಾರ್ಮ್ ನಿಮ್ಮದೇ ವಿಮಾನವನ್ನು ಬೇರೆ ವಿಮಾನ ಅಂದುಕೊಳ್ಳುತ್ತದೆ. ನಿಮ್ಮ ಪಕ್ಕದಲ್ಲೇ ಯಾರೋ ಹಾರುತ್ತಿದ್ದಾರೆ ಅಂತ ಕೂಗುತ್ತಲೇ ಇರುತ್ತದೆ. ಸುಮ್ನೆ ಕಿರಿಕಿರಿ ಅಂತ ಪೈಲಟ್ ಶಬ್ದ ತಗ್ಗಿಸುತ್ತಾನೆ. ಆಮೇಲೆ ನಿಜವಾದ ಎಚ್ಚರಿಕೆಯೂ ಕೇಳಿಸುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಗಮನ ಕೊಡಬೇಕಾದ ಸಾಲು ಇದೇ. ಬರೆದವರೊಬ್ಬರು, ಓದಿ ನೋಡುವವರು ಇನ್ನೊಬ್ಬರು ಇದ್ದರೆ ಒಳ್ಳೆಯದು.

ಮುಂದಿನದು ವಿಮಾನದ ಬಗೆ. ಗ್ಲೈಡರ್‌ಗೆ 1, ಅದನ್ನು ಎಳೆಯುವ ವಿಮಾನಕ್ಕೆ 2, ಹೆಲಿಕಾಪ್ಟರ್‌ಗೆ 3, ಸಾಮಾನ್ಯ ಪಿಸ್ಟನ್ ಎಂಜಿನ್ ವಿಮಾನಕ್ಕೆ 8. ಇದು ಹೆಸರಿಗಷ್ಟೇ ಇರುವ ಸಂಖ್ಯೆಯಲ್ಲ. ಮೇಲೇರುವ ಬಿಸಿಗಾಳಿಯಲ್ಲಿ ನಾಲ್ಕು ಗ್ಲೈಡರ್ ಒಟ್ಟಿಗೆ ಸುತ್ತುವಾಗ ಬರೀ ದೂರ ನೋಡಿ ಎಚ್ಚರಿಸಿದರೆ ಬೀಪ್ ನಿಲ್ಲುವುದೇ ಇಲ್ಲ, ಅಲ್ವಾ? ಯಾವ ವಿಮಾನ ಹೇಗೆ ತಿರುಗುತ್ತದೆ ಎಂಬ ಲೆಕ್ಕ ಈ ಸಂಖ್ಯೆಯ ಮೇಲೆ ನಿಂತಿದೆ.

ಡಿಸ್‌ಪ್ಲೇ ಬೇರೆ ಇದ್ದರೆ ಎರಡರ ಬಾಡ್ ರೇಟ್ (ವೈರ್‌ನಲ್ಲಿ ಮಾಹಿತಿ ಸಾಗುವ ವೇಗ) ಒಂದೇ ಇರಲಿ. ಪರದೆ ಖಾಲಿ ಇದ್ದರೆ ಮೊದಲು ಇದನ್ನೇ ನೋಡಿ. ಪ್ರೈವೆಸಿ ಸೆಟ್ಟಿಂಗ್ ಆಫ್ ಇರಲಿ. ನಿಮ್ಮ ಮಾಹಿತಿ ಮುಚ್ಚಿಟ್ಟರೆ ಬೇರೆಯವರದ್ದೂ ನಿಮಗೆ ಪೂರ್ತಿ ಕಾಣುವುದಿಲ್ಲ. ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ವರ್ಷಕ್ಕೊಮ್ಮೆಯಾದರೂ ಹೊಸದಾಗಲಿ. ಗಡುವು ದಾಟಿದರೆ ಸಾಧನ ಕೆಲಸ ನಿಲ್ಲಿಸುತ್ತದೆ.

ಇನ್ನು ಆಂಟೆನಾ. ನೆಟ್ಟಗೆ ನಿಲ್ಲಿಸಿ. ಲೋಹದಿಂದ, ಬೇರೆ ಆಂಟೆನಾಗಳಿಂದ ದೂರ ಇಡಿ. ಕಾರ್ಬನ್ ಫೈಬರ್ ಮೈ ರೇಡಿಯೊ ಅಲೆಯನ್ನು ತಡೆಯುತ್ತದೆ. ಅಂಥ ವಿಮಾನದೊಳಗೆ ಬಚ್ಚಿಟ್ಟ ಆಂಟೆನಾ ಒಂದು ದಿಕ್ಕಿಗೆ ಕುರುಡು. ಅದು ನೆಲದ ಮೇಲೆ ಗೊತ್ತಾಗುವುದೇ ಇಲ್ಲ. ಕೆಲವು ಹಾರಾಟ ಮುಗಿಸಿ, ಸಾಧನ ದಾಖಲಿಸಿದ ಐಜಿಸಿ ಫೈಲ್‌ಗಳನ್ನು (ಹಾರಾಟದ ದಾಖಲೆ) ಫ್ಲಾರ್ಮ್‌ನ ರೇಂಜ್ ವಿಶ್ಲೇಷಣೆ ಪುಟಕ್ಕೆ ಹಾಕಿ. ಯಾವ ದಿಕ್ಕಿಗೆ ಎಷ್ಟು ದೂರ ಕೇಳಿಸುತ್ತಿದೆ ಎಂಬ ಚಿತ್ರ ಸಿಗುತ್ತದೆ. ಒಂದು ಕಡೆ ತಗ್ಗಿದ್ದರೆ ಆಂಟೆನಾ ಸರಿಸಿ, ಮತ್ತೆ ಹಾರಿ, ಮತ್ತೆ ನೋಡಿ.

ಕೈಯಲ್ಲಿ ಹಿಡಿದು ಒಯ್ಯುವ ಸಾಧನವಾದರೆ, ಬೇರೆ ವಿಮಾನಕ್ಕೆ ಹಾಕಿದ ದಿನ ಹಳೆಯ ವಿಳಾಸವೂ ಜೊತೆಗೇ ಬಂದಿರುತ್ತದೆ. ಎಂಜಿನ್ ಶುರು ಮಾಡುವ ಮೊದಲೇ ಆ ಆರು ಅಕ್ಷರ ಬದಲಾಯಿಸಿ.