ಎಂಪಿ ಆಫೀಸಿನಲ್ಲಿ ಲೆಕ್ಕ ಬರೆದ ನನ್ನ ಅನುಭವ

ಬಿ.ಕಾಂ. ಮುಗಿಸಿದ ಮೇಲೆ ಕೆಲವು ವರ್ಷ ಮಂಗಳೂರಿನಲ್ಲಿ ಒಬ್ಬ ಲೋಕಸಭಾ ಸದಸ್ಯರ ಆಫೀಸಿನಲ್ಲಿ ಸಹಾಯಕನಾಗಿದ್ದೆ. ಯಾರು, ಯಾವ ಪಕ್ಷ ಎನ್ನುವುದು ಇಲ್ಲಿ ಬೇಡ. ಅದನ್ನು ಹೇಳಿದ ಕೂಡಲೇ ಮಾತು ಬೇರೆ ಕಡೆ ಹೋಗುತ್ತದೆ. ಲೆಕ್ಕಪತ್ರ, ಬಂದವರ ಅರ್ಜಿ, ಸದನದಲ್ಲಿ ಕೇಳುವ ಪ್ರಶ್ನೆಗಳ ಕರಡು, ಎಲ್ಲವೂ ನನ್ನ ಮೇಜಿಗೇ ಬರುತ್ತಿತ್ತು. ಈಗಲೂ ಸಂಸದರ ಸಂಬಳ ಏರಿತು ಎಂದು ಸುದ್ದಿ ಬಂದರೆ ಸಾಕು, "ಎಂತ ಮಾರಾಯ್ರೆ, ಅವರಿಗೆ ಎಷ್ಟು ಕೊಟ್ಟರೂ ಸಾಲುವುದಿಲ್ವಾ?" ಎಂದು ಊರಿನವರು ನನ್ನನ್ನೇ ಹಿಡಿಯುತ್ತಾರೆ.

ಸಂಬಳ 2018ರಿಂದ ತಿಂಗಳಿಗೆ 1 ಲಕ್ಷ ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಅದು 1,24,000 ಆಯಿತು, 2023ರ ಏಪ್ರಿಲ್‌ನಿಂದಲೇ ಲೆಕ್ಕ ಹಿಡಿದರು. 1954ರಲ್ಲಿ ಸಂಸದರ ಸಂಬಳದ ಕಾಯ್ದೆ ಬಂದಾಗ ಸಂಬಳ 400 ರೂಪಾಯಿ, ದಿನಭತ್ಯೆ 21 ರೂಪಾಯಿ. ಮೊದಲೆಲ್ಲ ಎಷ್ಟು ಏರಿಸಬೇಕು ಎಂದು ಸಂಸದರೇ ಸದನದಲ್ಲಿ ತೀರ್ಮಾನಿಸುತ್ತಿದ್ದರು. 2018ರಲ್ಲಿ ಅದನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೆ ಜೋಡಿಸಿ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದು ಮಾಡಿದರು. ಇದು ನನಗೆ ಒಳ್ಳೆಯ ಬದಲಾವಣೆ ಅನಿಸುತ್ತದೆ. ತನ್ನ ಸಂಬಳ ತಾನೇ ಬರೆದುಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ.

ಸಂಬಳವೇ ಇಲ್ಲದೆ ಸೇವೆ ಮಾಡಲಿ ಎನ್ನುವವರೂ ಇದ್ದಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಗೌರವ ಸೇವೆ ಮಾಡಿದರು, ಅದನ್ನು ರಾಜೇಂದ್ರ ಪ್ರಸಾದರು ಸಭೆಯಲ್ಲೇ ನೆನೆದಿದ್ದರು. ಆದರೆ ರಾಯರು ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿಯಾಗಿ ದುಡಿದು ನಿವೃತ್ತರಾದವರು. ಬೀಡಿ ಕಟ್ಟುವ ಮನೆಯ ಹುಡುಗಿಯೋ ಬೋಟಿಗೆ ಹೋಗುವವರ ಮಗನೋ ದೆಹಲಿಗೆ ಹೋಗಬೇಕಾದರೆ ಸಂಬಳ ಬೇಕೇ ಬೇಕು. ಇಲ್ಲದಿದ್ದರೆ ದುಡ್ಡಿದ್ದವರು ಮಾತ್ರ ಅಲ್ಲಿ ಕೂರುತ್ತಾರೆ.

ಲೆಕ್ಕ ಬರೆಯುವವನಿಗೆ ಮೊದಲು ಗೊತ್ತಿರಬೇಕಾದದ್ದು ಒಂದಿದೆ. ಸಂಸದರ ಸಂಬಳ ಆದಾಯ ತೆರಿಗೆಯಲ್ಲಿ ಸಂಬಳ ಎಂಬ ತಲೆಬರಹದಡಿ ಬರುವುದಿಲ್ಲ. ಅವರನ್ನು ಆರಿಸಿದ್ದು ಜನ, ಕೆಲಸಕ್ಕೆ ಇಟ್ಟುಕೊಂಡ ಮಾಲೀಕ ಅಂತ ಯಾರೂ ಇಲ್ಲ, ಹಾಗಾಗಿ ಅದು ಇತರ ಮೂಲಗಳ ಆದಾಯ. ತೆರಿಗೆ ಕಟ್ಟಲೇಬೇಕು. ದಿನಭತ್ಯೆಗೆ ಮತ್ತು ಕ್ಷೇತ್ರ ಭತ್ಯೆಗೆ ತೆರಿಗೆ ಇಲ್ಲ. ನಾನು ಇವೆರಡನ್ನೂ ಸಂಬಳದ ಪುಟದಲ್ಲಿ ಸೇರಿಸುತ್ತಲೇ ಇರಲಿಲ್ಲ, ಒಂದೊಂದಕ್ಕೂ ಬೇರೆ ಪುಸ್ತಕ ಇಟ್ಟಿದ್ದೆ.

ಈಗಿನ ದರದಲ್ಲಿ ದಿನಭತ್ಯೆ 2,500 ರೂಪಾಯಿ. ಅಧಿವೇಶನದ ದಿನ ಹಾಜರಿ ಹಾಕದಿದ್ದರೆ ಅದು ಸಿಗುವುದಿಲ್ಲ. ಕ್ಷೇತ್ರ ಭತ್ಯೆ ತಿಂಗಳಿಗೆ 87,000. ದೆಹಲಿಯಲ್ಲಿ ಮನೆ, ವರ್ಷಕ್ಕೆ 50,000 ಯೂನಿಟ್ ಕರೆಂಟ್, 34 ಬಾರಿ ವಿಮಾನ ಪ್ರಯಾಣ. ಹೋದದ್ದು ಒಂದು, ಬಂದದ್ದು ಒಂದು ಎಂದು ಲೆಕ್ಕ. ಅಧಿವೇಶನಕ್ಕೆ ಹೋಗಿ ಬರುವುದು ಇದಕ್ಕೆ ಸೇರುವುದಿಲ್ಲ. ಇಷ್ಟಕ್ಕೆಲ್ಲ ಜನ ಬೈಯುತ್ತಾರೆ, ಬೈಯಲಿ. ಆದರೆ ಯಾರೂ ಮಾತಾಡದ ಒಂದು ಮೊತ್ತ ಇದೆ, ನನ್ನ ಪ್ರಕಾರ ಮುಖ್ಯವಾದದ್ದು ಅದೇ.

ಅದು ಆಫೀಸಿನ ಖರ್ಚಿನ ಭತ್ಯೆ. ನಾನಿದ್ದಾಗ ತಿಂಗಳಿಗೆ 60,000 ಇತ್ತು. ಅದರಲ್ಲಿ 40,000 ಸಹಾಯಕರಿಗೆ, ಅದನ್ನು ಲೋಕಸಭೆಯ ಸಚಿವಾಲಯವೇ ನೇರವಾಗಿ ಅವರಿಗೆ ಕೊಡುತ್ತದೆ. ಉಳಿದ 20,000 ಕಾಗದ, ಅಂಚೆ ಇತ್ಯಾದಿಗೆ. ಕೊರೊನಾ ಬಂದಾಗ ಸಂಸದರ ಸಂಬಳವನ್ನು ಒಂದು ವರ್ಷ ಶೇಕಡಾ 30 ಕಡಿತ ಮಾಡಿದರು, ಆಗ ಈ 20,000 ಕೂಡ 14,000ಕ್ಕೆ ಇಳಿಯಿತು. ಈಗ ಸಹಾಯಕರಿಗೆ 50,000, ಒಟ್ಟು 75,000 ಆಗಿದೆ. ಲಕ್ಷಗಟ್ಟಲೆ ಮತದಾರರಿರುವ ಒಂದು ಕ್ಷೇತ್ರಕ್ಕೆ ಇಷ್ಟೇ. ಸಹಾಯಕರ ಮೊತ್ತವನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ಬಂತು, ನೀವೇ ಹೇಳಿ.

ಈ ಮಿತಿಯೊಳಗೆ ಕೆಲಸ ಸಾಗಬೇಕಾದರೆ ಬಂದ ಅರ್ಜಿಯನ್ನು ಬಾಗಿಲಲ್ಲೇ ವಿಂಗಡಿಸಬೇಕು. ನಾನು ಮೂರು ಫೈಲ್ ಇಟ್ಟಿದ್ದೆ. ಒಂದು, ಲೆಟರ್‌ಹೆಡ್‌ನಲ್ಲಿ ಪತ್ರ ಬರೆದರೆ ಆಗುವಂಥದ್ದು. ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ತುರ್ತು ಕೋಟಾದ ಸೀಟು, ಆಸ್ಪತ್ರೆ ಖರ್ಚಿಗೆ ಪ್ರಧಾನಿ ಪರಿಹಾರ ನಿಧಿ, ಇಂಥವು. ಎರಡು, ಕ್ಷೇತ್ರದ ಅಭಿವೃದ್ಧಿ ಕೆಲಸಗಳಿಗೆಂದು ಇರುವ ಸಂಸದರ ನಿಧಿಯದ್ದು. ವರ್ಷಕ್ಕೆ 5 ಕೋಟಿ, ಆದರೆ ಒಂದು ರೂಪಾಯಿಯೂ ಸಂಸದರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಕೆಲಸ ಜಿಲ್ಲಾಡಳಿತದ ಮೂಲಕ ಆಗುತ್ತದೆ. ಪೂಜಾಸ್ಥಳಗಳಿಗೆ ಅದನ್ನು ಕೊಡುವ ಹಾಗಿಲ್ಲ. ನಮ್ಮಲ್ಲಿ ದೈವಸ್ಥಾನದ ಜೀರ್ಣೋದ್ಧಾರ ಸಮಿತಿಯವರು, ಚರ್ಚು ಮಸೀದಿಯವರು ಎಲ್ಲ ಬರುತ್ತಾರೆ, ನಾನು ಮೊದಲೇ ಕೂರಿಸಿ ಚಾ ಕೊಟ್ಟು ನಿಯಮ ಹೇಳಿಬಿಡುತ್ತಿದ್ದೆ. ಮೂರನೆಯದು ಪಂಚಾಯತ್ ಅಥವಾ ರಾಜ್ಯ ಸರ್ಕಾರದ ಕೆಲಸ. ಚರಂಡಿ, ರೇಷನ್ ಕಾರ್ಡು. ಹೆಚ್ಚು ಅರ್ಜಿ ಇಲ್ಲಿಯವೇ. ಯಾವ ಆಫೀಸು, ಯಾವ ಟೇಬಲ್ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದೆ.

ಇವೆಲ್ಲ ಮುಗಿದ ಮೇಲೆ ಸಂಜೆ ಪ್ರಶ್ನೆ ಬರೆಯುವುದು. ನನಗೆ ತುಂಬ ಇಷ್ಟವಾದ ಕೆಲಸ ಇದು, ಸಮಯ ಕಡಿಮೆ ಸಿಕ್ಕಿದ್ದೂ ಇದಕ್ಕೇ. ಲೋಕಸಭೆಯಲ್ಲಿ ದಿನಕ್ಕೆ ಸಚಿವರು ಬಾಯಿಮಾತಿನಲ್ಲಿ ಉತ್ತರಿಸುವ 20 ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಿ ಉತ್ತರ ಬರುವ 230 ಚುಕ್ಕೆ ಇಲ್ಲದ ಪ್ರಶ್ನೆ ಪಟ್ಟಿಯಲ್ಲಿ ಬರುತ್ತವೆ. ಹದಿನೈದು ದಿನ ಮೊದಲೇ ಕೊಡಬೇಕು, ಯಾರದು ಮೇಲೆ ಎಂದು ಚೀಟಿ ಎತ್ತುತ್ತಾರೆ. ಒಮ್ಮೆ ಮಲ್ಪೆ ಕಡೆಯಿಂದ ನಾಡದೋಣಿಯವರು ಎಂಜಿನಿಗೆ ಬೇಕಾದ ಸೀಮೆಎಣ್ಣೆ ಸರಿಯಾಗಿ ಬರುತ್ತಿಲ್ಲ ಎಂದು ಬಂದರು. "ಯಾಕೆ ಕೊಡುತ್ತಿಲ್ಲ ಅಂತ ಕೇಳಿ ಸಾರ್" ಎಂದರು. ಹಾಗೆ ಕೇಳಿದರೆ ಎರಡು ಸಾಲಿನ ಉತ್ತರ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ನಾನು ಬರೆದದ್ದು ಹೀಗೆ: ಕಳೆದ ಮೂರು ವರ್ಷದಲ್ಲಿ ಮೀನುಗಾರಿಕೆಗೆಂದು ರಾಜ್ಯ ಎಷ್ಟು ಕಿಲೋಲೀಟರ್ ಕೇಳಿತು, ಕೇಂದ್ರ ಎಷ್ಟು ಹಂಚಿತು, ಯಾವ ತಿಂಗಳಲ್ಲಿ ಆದೇಶ ಹೊರಟಿತು. ಉತ್ತರ ಪಟ್ಟಿಯ ರೂಪದಲ್ಲೇ ಬಂತು. ಆ ಪಟ್ಟಿ ಹಿಡಿದು ಅವರು ಬೆಂಗಳೂರಿಗೂ ಹೋದರು. ಅಂಕಿ ಕೇಳಿ, ಅವಧಿ ಹೇಳಿ, ಕಾರಣ ಕೇಳುವುದನ್ನು ಕೊನೆಗೆ ಇಡಿ, ನಾನು ನಡೆಸಿದ್ದು ಇದೇ ಕ್ರಮ.

ನನಗೆ ಒಪ್ಪದ ವಿಷಯ ಪಿಂಚಣಿ. ಎಷ್ಟೇ ಕಡಿಮೆ ಅವಧಿ ಇದ್ದರೂ ಮಾಜಿ ಸಂಸದರಿಗೆ ತಿಂಗಳಿಗೆ 31,000. ಐದು ವರ್ಷ ದಾಟಿದರೆ ಮುಂದಿನ ಒಂದೊಂದು ವರ್ಷಕ್ಕೂ 2,500 ಜಾಸ್ತಿ. ಜೀವಮಾನ ಇಡೀ ಬೀಡಿ ಕಟ್ಟಿದ ಅಕ್ಕಂದಿರು ಪಿಎಫ್ ಪಿಂಚಣಿಯ ಕಾಗದ ಹಿಡಿದು ನಮ್ಮ ಆಫೀಸಿಗೆ ಬರುತ್ತಿದ್ದರು. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿ. ಅದನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೆ ಜೋಡಿಸಿಲ್ಲ. ಅವರಿಗೆ ಪತ್ರ ಬರೆದುಕೊಡುವಾಗ ಪ್ರತಿ ಸಲ ಹೊಟ್ಟೆ ಉರಿಯುತ್ತಿತ್ತು.

ನನ್ನನ್ನು ಕೇಳಿದರೆ ಪಿಂಚಣಿಗೆ ಕನಿಷ್ಠ ಒಂದು ಪೂರ್ಣ ಅವಧಿ ಎಂದು ಮಾಡಬೇಕು, ಸಹಾಯಕರ ಮೊತ್ತ ಹೆಚ್ಚಿಸಿ ಪ್ರಶ್ನೆ, ಮಸೂದೆ ಓದುವುದಕ್ಕೇ ಒಬ್ಬರನ್ನು ಇಡಬೇಕು, ಭತ್ಯೆಯ ಖರ್ಚಿನ ವಿವರವನ್ನು ಜನರ ಮುಂದೆ ಇಡಬೇಕು. ಅಲ್ಲಿಯವರೆಗೆ, ನಿಮ್ಮ ಊರಿನ ವಿಷಯ ಸದನದಲ್ಲಿ ಬರಬೇಕೆಂದಿದ್ದರೆ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಎಂಪಿ ಆಫೀಸಿಗೆ ಹೋಗಿ. ಒಂದೇ ಪುಟದಲ್ಲಿ ಬರೆದು, ಇರುವ ಸರ್ಕಾರಿ ಕಾಗದಗಳ ಜೆರಾಕ್ಸ್ ಸೇರಿಸಿ, ಅಲ್ಲಿ ಪ್ರಶ್ನೆ ಬರೆಯುವವರು ಯಾರು ಎಂದು ಕೇಳಿ ಅವರ ಕೈಗೇ ಕೊಡಿ.