ಮೇಲ್ಮನವಿಗೆ ಮುನ್ನ ಕಡತ ಓದುವುದು ಹೇಗೆ?

ಕೊಲೆ, ಕೊಲೆಯತ್ನದ ತೀರ್ಪು ಬಂದ ಮೇಲೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ಮನೆಯವರು ಹೆಚ್ಚಾಗಿ ಕೇಳುವುದು ಒಂದೇ: ‘ಸಾಕ್ಷಿ ಹೇಳಿದವ್ರನ್ನ ಮತ್ತೊಮ್ಮೆ ಕರಸ್ರಿ ಸರ್, ಖರೇ ಏನಂತ ಗೊತ್ತಾಗ್ತದ.’ ಮೇಲ್ಮನವಿ ಹಾಗೆ ನಡೆಯುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಯಾರೂ ಕಟಕಟೆ ಹತ್ತುವುದಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ದಾಖಲಾದ ಕಾಗದದ ಮೇಲೆಯೇ ವಾದ. ಆ ಕಾಗದ ಓದುವಾಗ ಕಿರಿಯ ವಕೀಲರೂ ಎಡವುತ್ತಾರೆ. ಅದಕ್ಕೇ ಈ ಲೇಖನ.

ಮೊದಲು ದಿನ ಎಣಿಸಿ. ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ, ಗಲ್ಲು ಶಿಕ್ಷೆಯಾದರೆ 30. ತೀರ್ಪಿನ ನಕಲು ತಯಾರಾಗಲು ಹಿಡಿದ ಸಮಯವನ್ನು ಇದರಲ್ಲಿ ಎಣಿಸುವುದಿಲ್ಲ. ಆರೋಪಿ ಖುಲಾಸೆಯಾದರೆ ಸಂತ್ರಸ್ತರೂ ಮೇಲ್ಮನವಿ ಹಾಕಬಹುದು. ಸತ್ತವರ ವಾರಸುದಾರರೂ ಕಾನೂನಿನ ಕಣ್ಣಲ್ಲಿ ಸಂತ್ರಸ್ತರೇ. ಇದಕ್ಕೆ ವಿಶೇಷ ಅನುಮತಿ ಬೇಡ ಎಂದು 2018ರಲ್ಲಿ ಸುಪ್ರೀಂ ಕೋರ್ಟ್, ನಮ್ಮ ರಾಜ್ಯದಿಂದ ಹೋದ ಪ್ರಕರಣದಲ್ಲೇ ಹೇಳಿದೆ.

ಮುಂದೆ ಕಡತದ ದೃಢೀಕೃತ ನಕಲು. ಮೊಬೈಲ್ ಸ್ಕ್ಯಾನರ್ ಆ್ಯಪ್ ನಂಬಬೇಡಿ. ಅಂಚನ್ನು ಕತ್ತರಿಸಿಬಿಡುತ್ತವೆ. ಹೇಳಿಕೆಯ ಅಂಚಿನಲ್ಲಿ ಕೋರ್ಟ್ ಹಾಕಿದ ಡಿ-1 (ಆರೋಪಿ ಪರ), ಪಿ-5ರಂಥ (ಸರ್ಕಾರದ ಪರ) ಗುರುತುಗಳೇ ನಿಮಗೆ ಬೇಕಾದದ್ದು. ಎರಡೂ ಬದಿ ಜೆರಾಕ್ಸ್ ಮಾಡಿಸಿ.

ತೀರ್ಪನ್ನು ಕೊನೆಗೆ ಓದಿ. ಮೊದಲು ಸಾಕ್ಷಿಗಳ ಹೇಳಿಕೆ, ಅದರಲ್ಲೂ ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ ಕೊಟ್ಟ ಉತ್ತರ. ತೀರ್ಪು ಮೊದಲೇ ಓದಿದರೆ ನ್ಯಾಯಾಧೀಶರು ಕಂಡದ್ದಷ್ಟೇ ನಿಮಗೂ ಕಾಣುತ್ತದೆ.

ಇನ್ನು ಕಷ್ಟದ ಭಾಗ: ಹೊಡೆದವನು ಇವನೇ ಎಂಬ ಗುರುತು. ಗಾಯಾಳುವಿನ ಸಾಕ್ಷ್ಯಕ್ಕೆ ಕೋರ್ಟು ಹೆಚ್ಚು ಬೆಲೆ ಕೊಡುತ್ತದೆ. ಮೈಮೇಲಿನ ಗಾಯವೇ ಅವರು ಅಲ್ಲಿದ್ದರು ಎಂದು ತೋರಿಸುತ್ತದೆ, ಅಲ್ವಾ? ಆದರೆ ಅಲ್ಲಿದ್ದರು ಎನ್ನುವುದು ಬೇರೆ, ಹೊಡೆದವನ ಮುಖ ಕಂಡರು ಎನ್ನುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಓದುವವರೇ ಜಾಸ್ತಿ.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ರಾತ್ರಿ ಹತ್ತಕ್ಕೆ ಚಾಕು ಇರಿತವಾಗಿದೆ ಎಂದುಕೊಳ್ಳೋಣ. ಕಾಗದಗಳನ್ನು ಕೋರ್ಟ್ ಹಾಕಿದ ನಿಶಾನೆ ನಂಬರಿನ ಪ್ರಕಾರ ಅಲ್ಲ, ಅವು ಬರೆಯಲ್ಪಟ್ಟ ಹೊತ್ತಿನ ಪ್ರಕಾರ ಜೋಡಿಸಿ. ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲೆ ಬರುವುದು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಪ್ರಕರಣದ ಗಾಯಾಳುಗಳ ದಾಖಲೆ) ಪುಟ. ಕಿಮ್ಸ್‌ಗೆ ಕರೆತಂದಾಗ ವೈದ್ಯರು ಪರಿಚಿತರಿಂದ ಹಲ್ಲೆ ಎಂದು ಬರೆದರೋ, ಅಪರಿಚಿತರಿಂದ ಎಂದೋ? ಅದನ್ನು ಹೇಳಿದವರು ಗಾಯಾಳುವೋ, ಕರೆತಂದವರೋ? ಗಾಯಾಳುವಿಗೆ ಎಚ್ಚರ ಇತ್ತೇ? ವೈದ್ಯರ ಕೆಲಸ ಚಿಕಿತ್ಸೆ. ಹೆಸರು ಬರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳುವುದಿಲ್ಲ. ಆದರೆ ಗಾಯಾಳುವೇ ‘ಅಪರಿಚಿತರು’ ಎಂದು ಹೇಳಿ, ಮರುದಿನದ ಫಿರ್ಯಾದಿಯಲ್ಲಿ ನಾಲ್ಕು ಹೆಸರು ಬಂದಿದ್ದರೆ ಅಲ್ಲಿ ನಿಲ್ಲಿ. ಎಫ್‌ಐಆರ್‌ನಲ್ಲಿ ಪೊಲೀಸರು ಹಾಕಿದ ಸಮಯದ ಜೊತೆಗೆ ಮ್ಯಾಜಿಸ್ಟ್ರೇಟರು ಸಹಿ ಮಾಡಿ ಬರೆದ ಸಮಯವನ್ನೂ ನೋಡಿ. ಕಾರಣ ಹೇಳದ ತಡ ಇದ್ದರೆ ಹೆಸರು ಆಮೇಲೆ ಸೇರಿತೇ ಎಂಬ ಅನುಮಾನಕ್ಕೆ ಜಾಗವಿದೆ. ನಂತರ ಬೆಳಕು. ಸ್ಥಳದ ನಕ್ಷೆಯಲ್ಲಿ ಲೈಟಿನ ಕಂಬ ಇದೆಯೇ? ಆ ಹೊತ್ತಿಗೆ ಕರೆಂಟ್ ಇತ್ತು ಎಂಬ ಹೆಸ್ಕಾಂ (ವಿದ್ಯುತ್ ಕಂಪನಿ) ಪತ್ರ ಇದೆಯೇ?

ಆರೋಪಿ ಮೊದಲೇ ಗೊತ್ತಿದ್ದವನಾದರೆ ಗುರುತು ಪರೇಡ್ (ಹಲವರ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವುದು) ಬೇಕಿಲ್ಲ. ಗೊತ್ತಿಲ್ಲದವನಾದರೆ ಅದನ್ನು ಜರಡಿ ಹಿಡಿಯಿರಿ. ಕೋರ್ಟಿನಲ್ಲಿ ಸಾಕ್ಷಿ ಗುರುತಿಸುವುದೇ ಮುಖ್ಯ ಸಾಕ್ಷ್ಯ, ಪರೇಡ್ ಅದಕ್ಕೆ ಆಸರೆ ಮಾತ್ರ. ಬಂಧನದಿಂದ ಪರೇಡ್‌ವರೆಗೆ ಎಷ್ಟು ದಿನ? ಆ ನಡುವೆ ಅವನನ್ನು ಮುಖ ಮುಚ್ಚಿ ಕೋರ್ಟಿಗೆ ತಂದರೇ? ಠಾಣೆಯಲ್ಲಿ ಸಾಕ್ಷಿಗೆ ತೋರಿಸಿದರೇ? ಫೋಟೊ ಪೇಪರಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಓಡಾಡಿತೇ? ಮೊದಲೇ ತೋರಿಸಿದ್ದರೆ ಆ ಪರೇಡಿಗೆ ಬೆಲೆ ಇಲ್ಲ. ಸಾಲಿನಲ್ಲಿ ನಿಲ್ಲಿಸಿದ ಉಳಿದವರ ವಯಸ್ಸು, ಮೈಕಟ್ಟು ಹೊಂದುತ್ತಿತ್ತೇ ಎನ್ನುವುದು ಪರೇಡ್ ನಡೆಸಿದ ತಹಶೀಲ್ದಾರರ ವರದಿಗಿಂತ ಅವರ ಪಾಟೀ ಸವಾಲಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಕೆಲವೊಮ್ಮೆ ಸತ್ತವರು ಯಾರು ಎಂಬುದೇ ಪ್ರಶ್ನೆ. ನವಲಗುಂದ ಕಡೆ ಮಲಪ್ರಭಾ ಕಾಲುವೆಯಲ್ಲಿ ಕೊಳೆತ ಶವ ಸಿಕ್ಕಿದೆ ಎನ್ನಿ. ಅಂಗಿ, ಚಪ್ಪಲಿ ನೋಡಿ ಗುರುತು ಹಿಡಿದೆವು ಎಂಬ ಮಾತಿಗೇ ತೃಪ್ತರಾಗಬೇಡಿ. ಆ ಅಂಗಿಯ ಬಣ್ಣ ನಾಪತ್ತೆ ದೂರಿನಲ್ಲಿ ಮೊದಲೇ ಇತ್ತೇ? ಡಿಎನ್‌ಎ ಮಾದರಿ ಪ್ರಯೋಗಾಲಯ ಮುಟ್ಟುವವರೆಗೆ ಯಾರ ಕೈಯಲ್ಲಿತ್ತು, ಸೀಲು ಸರಿಯಿತ್ತೇ?

ಹೆಚ್ಚಿನವರು ಸೋಲುವುದು ಇಲ್ಲಿ: ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಹಿಡಿದು, ‘ನೋಡಿ, ಆಗ ಹೀಗೆ ಹೇಳಿದ್ದ’ ಎನ್ನುತ್ತಾರೆ. ಆ ಹೇಳಿಕೆ ತಾನಾಗಿ ಸಾಕ್ಷ್ಯವಲ್ಲ. ವಿಚಾರಣೆಯಲ್ಲಿ ಆ ಸಾಲನ್ನು ಸಾಕ್ಷಿಗೆ ಓದಿ ಕೇಳಿ, ಗುರುತು ಹಾಕಿಸಿ, ತನಿಖಾಧಿಕಾರಿಯಿಂದಲೂ ಖಚಿತಪಡಿಸಿಕೊಂಡಿದ್ದರಷ್ಟೇ ಅದು ಮೇಲ್ಮನವಿಯಲ್ಲಿ ಕೆಲಸಕ್ಕೆ ಬರುತ್ತದೆ. ಸಿಕ್ಕ ವ್ಯತ್ಯಾಸವೆಲ್ಲ ತೂಕದ್ದೂ ಅಲ್ಲ. ಮೊದಲ ಏಟು ಎಡಗೈಗೋ ಬಲಗೈಗೋ ಎಂಬ ಗೊಂದಲ ಜೀವಭಯದಲ್ಲಿದ್ದವರಿಗೆ ಸಹಜ. ಹೊಡೆದವರು ಯಾರು ಎಂಬಲ್ಲಿ ಮಾತು ಬದಲಾದರೆ ಅದು ಬೇರಿಗೇ ತಟ್ಟುತ್ತದೆ. ಸಾಕ್ಷಿಗಳ ತಲೆ ಎಣಿಸಬೇಡಿ. ನಂಬಿಕೆಗೆ ಯೋಗ್ಯವಾದ ಒಬ್ಬರ ಮಾತಿನ ಮೇಲೂ ಶಿಕ್ಷೆ ನಿಲ್ಲುತ್ತದೆ.

ಖುಲಾಸೆಯ ವಿರುದ್ಧದ ಮೇಲ್ಮನವಿಯಾದರೆ ಹೊರೆ ಇನ್ನೂ ಜಾಸ್ತಿ. ಅದೇ ಸಾಕ್ಷ್ಯದಿಂದ ಎರಡು ತೀರ್ಮಾನ ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂಬುದು ಕರ್ನಾಟಕದ್ದೇ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ಕುಟುಂಬಕ್ಕೆ ಇದನ್ನು ಮೊದಲ ದಿನವೇ ತಿಳಿಸಿ. ಸುಳ್ಳು ಭರವಸೆ ಅವರನ್ನು ಎರಡನೇ ಸಲ ಕೊಲ್ಲುತ್ತದೆ.

ಕೊನೆಗೆ ಬರವಣಿಗೆ. ಹಳೆಯ ಫೈಲಿನಿಂದ ಎತ್ತಿದ ರೆಡಿಮೇಡ್ ಕಾರಣಗಳು ಬೇಡ. ಪ್ರತಿ ಕಾರಣದ ಎದುರು ಸಾಕ್ಷಿಯ ನಂಬರು, ಪುಟ, ಪ್ಯಾರಾ ಬರೆಯಿರಿ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಸಂತ್ರಸ್ತೆಯ ಹೆಸರು, ಊರು ಎಲ್ಲೂ ಬರಬಾರದು. ಜೊತೆಗಿಡುವ ನಕಲುಗಳಲ್ಲೂ ಹೆಸರಿನ ಮೇಲೆ ಕಪ್ಪು ಗೆರೆ ಎಳೆದೇ ಕೊಡಿ.